ಉಪ್ಪಿನ ಮೇಲೆ ಓಡುವ ಕಾರಿಗೆ ಸೀಸ ಯಾಕೆ ತುಂಬುತ್ತಾರೆ?

ರೇಸ್ ಕಾರು ಹಗುರ ಇರಬೇಕು ಅನ್ನೋದು ಎಲ್ಲರೂ ಒಪ್ಪುವ ಮಾತು. ಕಾಲು ಮೈಲಿಯ ಡ್ರ್ಯಾಗ್ ರೇಸ್ ಓಡಿಸುವವರು ತೂಕ ಇಳಿಸಲು ಒಳಗಿನ ತಗಡಿಗೂ ತೂತು ಕೊರೆಯುತ್ತಾರೆ. ಆದರೆ ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪುಬಯಲಿಗೆ ವೇಗದ ದಾಖಲೆ ಮಾಡಲು ಬರುವವರು ಚೆನ್ನಾಗಿರುವ ಕಾರಿಗೆ ತಾವಾಗಿಯೇ ನೂರಾರು ಕಿಲೋ ಸೀಸ ಬಿಗಿಯುತ್ತಾರೆ. ಎಷ್ಟು ಬಿಗಿಯಬೇಕು, ಎಲ್ಲಿ ಬಿಗಿಯಬೇಕು, ಅದಕ್ಕೂ ಮೊದಲು ಯಾವ ಕಾರು ಹಿಡಿಯಬೇಕು ಅನ್ನುವ ವಾದ ಇವತ್ತಿಗೂ ಮುಗಿದಿಲ್ಲ. ಭಾರ ಬೇಕು ಅನ್ನುವವರು, ಹಗುರವೇ ಒಳ್ಳೆಯದು ಅನ್ನುವವರು, ಎರಡೂ ಕಡೆಯವರ ಮಾತಿನಲ್ಲಿ ಅಷ್ಟಿಷ್ಟು ನಿಜ ಇದೆ. ಗೋಜಲಾಗಿರುವುದೇ ಅದಕ್ಕೆ.

ಹಳೆಯ ಕತೆ ಬೇಗ ಮುಗಿಸೋಣ. 1898ರಲ್ಲಿ ಫ್ರಾನ್ಸಿನಲ್ಲಿ ಒಂದು ಎಲೆಕ್ಟ್ರಿಕ್ ಕಾರು ಗಂಟೆಗೆ 63 ಕಿ.ಮೀ. ಓಡಿ ಮೊದಲ ದಾಖಲೆ ಬರೆಯಿತು. 1927ರಲ್ಲಿ ಹೆನ್ರಿ ಸೀಗ್ರೇವ್ ಅಮೆರಿಕದ ಡೇಟೋನಾ ಬೀಚಿನಲ್ಲಿ ಗಂಟೆಗೆ 200 ಮೈಲಿ (ಸುಮಾರು 320 ಕಿ.ಮೀ.) ದಾಟಿದರು. ಅಲ್ಲಿಯವರೆಗೆ ಎಲ್ಲರ ತಲೆಯಲ್ಲಿ ಇದ್ದದ್ದು ಒಂದೇ, ಇನ್ನೂ ದೊಡ್ಡ ಇಂಜಿನ್. ವಿಮಾನದ ಇಂಜಿನ್ ತಂದು ಕೂರಿಸಿದ್ದೂ ಆಯಿತು. ಆಮೇಲೆ ನಿಧಾನಕ್ಕೆ ಬೇರೆ ಸಮಸ್ಯೆ ಎದ್ದಿತು. ಇಂಜಿನ್ನಿನಲ್ಲಿ ಶಕ್ತಿ ಬೇಕಾದಷ್ಟಿದೆ, ಆದರೆ ಚಕ್ರ ನೆಲ ಹಿಡಿಯದೆ ಸುಮ್ನೆ ಸುತ್ತುತ್ತಿದೆ. ಮಾಲ್ಕಮ್ ಕ್ಯಾಂಪ್‌ಬೆಲ್ 1935ರ ತಮ್ಮ ಬ್ಲೂಬರ್ಡ್‌ಗೆ ಹಿಂದೆ ಜೋಡಿ ಚಕ್ರ ಹಾಕಿಸಿದ್ದು ಈ ಕಾರಣಕ್ಕೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಬಾನ್‌ವಿಲ್‌ಗೆ ಬಂದು 301 ಮೈಲಿ ಮುಟ್ಟಿದರು.

ನನ್ನ ಪ್ರಕಾರ ಈ ಇಡೀ ವಾದದ ತಿರುಳು 1938ರಲ್ಲೇ ಸಿಕ್ಕಿಬಿಡುತ್ತದೆ. ಆ ವರ್ಷ ಬಾನ್‌ವಿಲ್‌ನಲ್ಲಿ ಇಬ್ಬರು ಇಂಗ್ಲಿಷರು ಪೈಪೋಟಿಗೆ ಬಿದ್ದರು. ಜಾರ್ಜ್ ಐಸ್ಟನ್ ಅವರ ಥಂಡರ್‌ಬೋಲ್ಟ್ ಸುಮಾರು 7 ಟನ್ ತೂಗುವ ಕಾರು. ಎರಡು ರೋಲ್ಸ್ ರಾಯ್ಸ್ ವಿಮಾನದ ಇಂಜಿನ್, ಎಂಟು ಚಕ್ರ, ಆದರೆ ಶಕ್ತಿ ಹೋಗುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಜಾನ್ ಕಾಬ್ ಅವರ ರೈಲ್ಟನ್ ತೂಕ ಅದರ ಅರ್ಧಕ್ಕಿಂತ ಕಡಿಮೆ, ಮೂರು ಟನ್ ಚಿಲ್ಲರೆ. ಇಂಜಿನ್ನಿನ ಶಕ್ತಿಯೂ ತುಂಬಾ ಕಡಿಮೆ. ಆದರೆ ವಿನ್ಯಾಸ ಮಾಡಿದ ರೀಡ್ ರೈಲ್ಟನ್ ಒಂದು ಇಂಜಿನ್ನಿಗೆ ಮುಂದಿನ ಚಕ್ರ, ಇನ್ನೊಂದಕ್ಕೆ ಹಿಂದಿನ ಚಕ್ರ ಕೊಟ್ಟಿದ್ದರು. ನಾಲ್ಕೂ ಚಕ್ರ ತಳ್ಳುವಾಗ ಕಾರಿನ ಒಂದೊಂದು ಕಿಲೋ ತೂಕವೂ ಹಿಡಿತದ ಲೆಕ್ಕಕ್ಕೆ ಬರುತ್ತದೆ. ಸೆಪ್ಟೆಂಬರಿನಲ್ಲಿ ಕಾಬ್ 350 ಮೈಲಿ ಮಾಡಿದರು. ಮರುದಿನವೇ ಐಸ್ಟನ್ 357 ಮಾಡಿ ದಾಖಲೆ ಕಿತ್ತುಕೊಂಡರು. ಮುಂದಿನ ವರ್ಷ ಕಾಬ್ ಅದೇ ಕಾರಿನಲ್ಲಿ 369, ಯುದ್ಧ ಮುಗಿದ ಮೇಲೆ 1947ರಲ್ಲಿ 394. ಭಾರ ಹೇರಿ ಗೆಲ್ಲಬಹುದು, ಇರುವ ಭಾರವನ್ನೆಲ್ಲ ದುಡಿಸಿಕೊಂಡೂ ಗೆಲ್ಲಬಹುದು. ಎರಡನೆಯದು ಜಾಣತನ ಅಂತ ನನಗೆ ಅನ್ನಿಸುತ್ತದೆ, ಆದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಗೇರುಪೆಟ್ಟಿಗೆ ಕಟ್ಟಿಸೋದು ಎಲ್ಲರಿಂದ ಆಗುವ ಕೆಲಸ ಅಲ್ಲ.

ಹಾಗೆ ಆಗದವರ ಕತೆ ಕ್ಯಾಲಿಫೋರ್ನಿಯಾದ ಒಣ ಕೆರೆಗಳಲ್ಲಿ ಶುರುವಾಯಿತು. ಮ್ಯುರಾಕ್, ಎಲ್ ಮಿರಾಜ್ ಮುಂತಾದ ಮಣ್ಣಿನ ಬಯಲುಗಳಲ್ಲಿ ಹುಡುಗರು ಹಳೆಯ ಫೋರ್ಡ್ ಬಿಚ್ಚಿ ಓಡಿಸುತ್ತಿದ್ದರು. ಅವರ ಕ್ಲಬ್ಬುಗಳು ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಕಟ್ಟಿದವು. ಇವತ್ತಿಗೂ ಎಲ್ ಮಿರಾಜ್ ಟ್ರ್ಯಾಕ್ 1.3 ಮೈಲಿ ಅಷ್ಟೇ. ಅಷ್ಟು ಚಿಕ್ಕ ಜಾಗದಲ್ಲಿ ವೇಗ ಹಿಡಿಯಬೇಕು ಅಂದರೆ ಕಾರು ಹಗುರ ಇದ್ದರೇ ಒಳ್ಳೆಯದು. ಅಲ್ಲಿ ಕಲಿತ ಪಾಠ ಅದು, ಅಲ್ಲಿಗೆ ಸರಿಯೂ ಹೌದು.

1946ರಲ್ಲಿ ಬಿಲ್ ಬರ್ಕ್ ಎಂಬುವರು ಯುದ್ಧವಿಮಾನದ ರೆಕ್ಕೆಯ ಕೆಳಗೆ ನೇತುಹಾಕುವ ಇಂಧನದ ಟ್ಯಾಂಕ್ ತಂದು ಅದರೊಳಗೆ ಕಾರು ಕಟ್ಟಿದರು. ಗಾಳಿ ಸೀಳುವ ಆಕಾರ ಯುದ್ಧದ ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿಬಿಟ್ಟಿತ್ತು. ಚಕ್ರ ಹೊರಗಿರುವ ಇಂಥ ಕಾರುಗಳನ್ನು ಈಗ ಲೇಕ್‌ಸ್ಟರ್ ಅನ್ನುತ್ತಾರೆ, ಚಕ್ರವನ್ನೂ ಮುಚ್ಚಿದರೆ ಸ್ಟ್ರೀಮ್‌ಲೈನರ್. 1949ರಲ್ಲಿ ಇವರೆಲ್ಲ ಬಾನ್‌ವಿಲ್‌ಗೆ ಹೋಗಿ ಸ್ಪೀಡ್ ವೀಕ್ ಎಂಬ ವೇಗದ ಸ್ಪರ್ಧೆಯನ್ನು ಮೊದಲ ಸಲ ನಡೆಸಿದರು. ಮಣ್ಣಿನ ಮೇಲೆ ಕಲಿತ ‘ಹಗುರವೇ ಒಳ್ಳೆಯದು’ ಅನ್ನುವ ಪಾಠವೂ ಅವರ ಜೊತೆ ಉಪ್ಪಿಗೆ ಹೋಯಿತು.

ಉಪ್ಪಿನ ಮೇಲೆ ಅದು ಯಾಕೆ ಕೆಲಸ ಮಾಡಲಿಲ್ಲ? ಒಂದು ಅಂದಾಜು ಲೆಕ್ಕ ಹಾಕೋಣ. ಸಾಮಾನ್ಯ ಕೂಪೆ ಕಾರು 200 ಮೈಲಿ ವೇಗದಲ್ಲಿ ಹೋಗುವಾಗ ಗಾಳಿ ಅದನ್ನು ಸುಮಾರು 285 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ. ಉಪ್ಪಿನ ಹಿಡಿತ ಚಕ್ರದ ಮೇಲಿನ ಭಾರದ ಅರ್ಧ ಅಂತ ಇಟ್ಟುಕೊಳ್ಳಿ. ಹಿಂದಿನ ಆಕ್ಸಲ್ ಮೇಲೆ 700 ಕಿಲೋ ಇದ್ದರೆ ಟೈರು ತಳ್ಳಬಲ್ಲದ್ದು 350 ಕಿಲೋ. ಉಪ್ಪಿನಲ್ಲಿ ಚಕ್ರ ಉರುಳಿಸೋಕೂ ಅದರಲ್ಲೇ ಒಂದು ಪಾಲು ಹೋಗುತ್ತದೆ. ಈಗ 250 ಮೈಲಿ ಬೇಕು ಅನ್ನಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಸುಮಾರು 445 ಕಿಲೋ. ಆ 350 ಕಿಲೋ ಇಟ್ಟುಕೊಂಡು 445 ತಳ್ಳೋಕೆ ಆಗುತ್ತಾ? ಸಾವಿರ ಕುದುರೆಶಕ್ತಿ ಇದ್ದರೂ ಟೈರು ಉಪ್ಪು ಕೆರೆಯುತ್ತಾ ಸುಮ್ನೆ ಸುತ್ತುತ್ತದೆ, ವೇಗ ಏರುವುದಿಲ್ಲ. ಜೊತೆಗೆ ಸಾಮಾನ್ಯ ಕಾರಿನ ಬೆನ್ನಿನ ಆಕಾರ ವೇಗ ಏರಿದಂತೆ ಕಾರನ್ನು ಮೇಲಕ್ಕೆ ಎತ್ತುತ್ತದೆ, ಅಂದರೆ ತಕ್ಕಡಿಯಲ್ಲಿ ಕಂಡ 700 ಕಿಲೋ ಓಟದಲ್ಲಿ ಅಷ್ಟೇ ಇರುವುದಿಲ್ಲ.

ಹಾಗಾದರೆ ಗಾಳಿಯಿಂದಲೇ ಕಾರನ್ನು ಕೆಳಕ್ಕೆ ಒತ್ತಿಸುವ ದೊಡ್ಡ ಪಟ್ಟಿ, ಅಂದರೆ ಸ್ಪಾಯ್ಲರ್ ಹಾಕಬಹುದಲ್ವಾ? ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ಸ್ಪಾಯ್ಲರ್ ಒತ್ತುವ ಪ್ರತಿ ಕಿಲೋಗೂ ಗಾಳಿಯ ತಡೆಯ ರೂಪದಲ್ಲಿ ಬಾಡಿಗೆ ಕೇಳುತ್ತದೆ. ಸೀಸ ಕೇಳುವ ಬಾಡಿಗೆ ಕಡಿಮೆ. ವೇಗ ಏರೋದು ಸ್ವಲ್ಪ ನಿಧಾನ ಆಗುತ್ತದೆ, ಚಕ್ರ ಉರುಳಲು ಸ್ವಲ್ಪ ಜಾಸ್ತಿ ಬಲ ಬೇಕು, ಅಷ್ಟೇ. ಉದ್ದ ಟ್ರ್ಯಾಕ್ ಇದ್ದರೆ ನಿಧಾನವಾದದ್ದು ನಷ್ಟವೇ ಅಲ್ಲ.

ಇಲ್ಲಿಂದ ಮುಂದೆ ಗೊಂದಲ ಜಾಸ್ತಿ. ಭಾರ ಬೇಕು ಅಂತ ಗೊತ್ತಾದ ಕೂಡಲೇ ಅದನ್ನು ಡಿಕ್ಕಿಯಲ್ಲಿ ತುಂಬುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಹಿಂದಿನ ಚಕ್ರಕ್ಕೆ ಹಿಡಿತ ಬೇಕು, ಹಿಂದೆಯೇ ಭಾರ ಇಡೋಣ ಅನ್ನುವ ನೇರ ತರ್ಕ. ಆದರೆ ಬಾಣದ ತುದಿಗೆ ಕಬ್ಬಿಣ, ಬಾಲಕ್ಕೆ ಗರಿ ಯಾಕೆ ಇರುತ್ತದೆ? ಭಾರದ ಕೇಂದ್ರ ಮುಂದಿದ್ದು ಗಾಳಿ ಒತ್ತುವ ಜಾಗ ಹಿಂದಿದ್ದರೆ, ಸ್ವಲ್ಪ ಅಡ್ಡ ತಿರುಗಿದರೂ ಗಾಳಿಯೇ ಅದನ್ನು ನೇರ ಮಾಡುತ್ತದೆ. ಉಲ್ಟಾ ಇದ್ದರೆ ಗಾಳಿಯೇ ತಿರುಗಿಸಿ ಎಸೆಯುತ್ತದೆ. ಡಿಕ್ಕಿ ಇರುವುದು ಹಿಂದಿನ ಆಕ್ಸಲ್‌ನ ಆಚೆಗೆ. ಅಲ್ಲಿಟ್ಟ ಭಾರ ಹಿಂದಿನ ಚಕ್ರವನ್ನು ಒತ್ತುವುದರ ಜೊತೆಗೆ ಮುಂದಿನ ಚಕ್ರವನ್ನು ಎತ್ತುತ್ತದೆ, ಸ್ಟೀರಿಂಗ್ ಹಗುರ ಆಗುತ್ತದೆ, ಕಾರು ಗಿರ್ರನೆ ಸುತ್ತಲು ತಯಾರಾಗುತ್ತದೆ. ಅದಕ್ಕೇ ಅನುಭವ ಇರುವವರು ಭಾರವನ್ನು ಹಿಂದಿನ ಆಕ್ಸಲ್‌ನ ಮುಂಭಾಗದಲ್ಲಿ, ನೆಲಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಕೆಳಗೆ ಬಿಗಿಯುತ್ತಾರೆ. ಮೂತಿಯಲ್ಲೂ ಒಂದಷ್ಟು ಇಟ್ಟು, ಬಾಲಕ್ಕೆ ನಿಂತ ರೆಕ್ಕೆ ಹಾಕಿ ಗಾಳಿ ಒತ್ತುವ ಜಾಗವನ್ನು ಹಿಂದಕ್ಕೆ ಸರಿಸುತ್ತಾರೆ. ಮುಂದಿನ ಚಕ್ರವೇ ಎಳೆಯುವ ಕಾರಿನಲ್ಲಿ ಈ ತಲೆನೋವು ಕಡಿಮೆ, ಯಾಕಂದರೆ ಮೂತಿಯ ಭಾರ ಹಿಡಿತಕ್ಕೂ ಆಯಿತು, ನೇರ ಹೋಗೋಕೂ ಆಯಿತು. ಇಷ್ಟು ಒಳ್ಳೆಯ ಅನುಕೂಲವನ್ನು ಜನ ಯಾಕೋ ಇನ್ನೂ ಗಂಭೀರವಾಗಿ ತೆಗೆದುಕೊಂಡಿಲ್ಲ.

ಸೀಸವೇ ಯಾಕೆ ಅಂದರೆ ಜಾಗ ಉಳಿಯುತ್ತದೆ. 100 ಕಿಲೋ ಸೀಸ 9 ಲೀಟರ್ ಜಾಗದಲ್ಲಿ ಹಿಡಿಯುತ್ತದೆ, ಉಕ್ಕಿಗೆ ಸುಮಾರು 13 ಲೀಟರ್ ಬೇಕು. ಆದರೆ ಸೀಸ ಮೆತ್ತಗೆ. ಬೋಲ್ಟ್ ಹಾಕಿದ ತೂತು ನಿಧಾನಕ್ಕೆ ಅಗಲವಾಗಿ ಸೀಸದ ಗಟ್ಟಿ ಅಲುಗಾಡಲು ಶುರುವಾಗುತ್ತದೆ, ಹಾಗಾಗಿ ಉಕ್ಕಿನ ಪೆಟ್ಟಿಗೆಯಲ್ಲಿ ಎರಕ ಹೊಯ್ದು ಪೆಟ್ಟಿಗೆಯನ್ನು ಚಾಸಿಗೆ ಬಿಗಿಯೋದು ವಾಸಿ. ಕಾರು ಉರುಳಿದಾಗ ಕಿತ್ತುಬಂದ 20 ಕಿಲೋ ಗಟ್ಟಿ ಚಾಲಕನ ಪಕ್ಕ ಹಾರುತ್ತದೆ ಅನ್ನೋದನ್ನು ನೆನೆಸಿಕೊಂಡರೆ ಸಾಕು, ತಪಾಸಣೆಯವರು ಬ್ಯಾಲಸ್ಟ್ (ಹೀಗೆ ಬೇಕೆಂದೇ ಹೇರಿದ ಭಾರ) ಬಿಗಿಯುವ ಬೋಲ್ಟುಗಳ ಬಗ್ಗೆ ಯಾಕೆ ಅಷ್ಟು ಕಟ್ಟುನಿಟ್ಟು ಅಂತ ಅರ್ಥ ಆಗುತ್ತದೆ. ಭಾರ ಹೆಚ್ಚಿದರೆ ಟೈರಿನ ಮಿತಿ, ಸ್ಪ್ರಿಂಗು, ಬ್ರೇಕು, ಪ್ಯಾರಾಚೂಟು ಎಲ್ಲವನ್ನೂ ಮತ್ತೆ ನೋಡಬೇಕು. ಓಡಿಸುವ ಖುಷಿಯಲ್ಲಿ ನಿಲ್ಲಿಸುವ ಲೆಕ್ಕ ಮರೆತುಹೋಗುತ್ತದೆ.

ಕಾರಿನ ಆಯ್ಕೆಯೂ ಇದರ ಜೊತೆಗೇ ಹೆಣೆದುಕೊಂಡಿದೆ. 1953ರ ಸ್ಟುಡಿಬೇಕರ್ ಕೂಪೆ ಇವತ್ತಿಗೂ ಉಪ್ಪಿನ ಮೇಲೆ ಕಾಣುವುದು ಬರೀ ಹಳೆಯ ಪ್ರೀತಿಗಲ್ಲ, ಅದರ ತಗ್ಗಾದ ಮಾಡು ಮತ್ತು ಉದ್ದ ಮೂತಿ ಆ ಕಾಲದ ಬೇರೆ ಕಾರುಗಳಿಗಿಂತ ಚೆನ್ನಾಗಿ ಗಾಳಿ ಸೀಳುತ್ತವೆ. ಸ್ಪರ್ಧೆಯ ಕೆಲವು ಕ್ಲಾಸುಗಳಲ್ಲಿ ಬಾಡಿ ಮುಟ್ಟುವ ಹಾಗಿಲ್ಲ, ಕಾರ್ಖಾನೆಯಿಂದ ಬಂದ ಆಕಾರವೇ ಕೊನೆ. ಅಲ್ಲಿ ತಪ್ಪು ಕಾರು ಆರಿಸಿದರೆ ಎಷ್ಟು ಸೀಸ ಹಾಕಿದರೂ ಅದು ಗಾಳಿಯ ತಡೆ ಇಳಿಸುವುದಿಲ್ಲ. ಆದರೂ ಬಹಳ ಜನ ಮೊದಲು ಇಂಜಿನ್ ಕಟ್ಟಿಸಿ, ಆಮೇಲೆ ಅದು ಕೂರುವ ಕಾರು ಹುಡುಕಿ, ಕೊನೆಗೆ ಭಾರದ ಬಗ್ಗೆ ಯೋಚಿಸುತ್ತಾರೆ. 1965ರಲ್ಲಿ ಸಮ್ಮರ್ಸ್ ಸಹೋದರರು ಗೋಲ್ಡನ್‌ರಾಡ್ ಕಟ್ಟಿದ್ದು ಸರಿಯಾಗಿ ಇದಕ್ಕೆ ವಿರುದ್ಧವಾಗಿ. ನಾಲ್ಕು ಇಂಜಿನ್ನುಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿ 32 ಅಡಿ ಉದ್ದದ ತೆಳ್ಳನೆಯ ಕಾರು ಮಾಡಿದರು, ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟರು. 409 ಮೈಲಿ ಬಂತು. 1991ರವರೆಗೆ ಅದನ್ನು ಯಾರೂ ದಾಟಲಿಲ್ಲ. ಅಷ್ಟರೊಳಗೆ ಜೆಟ್ ಕಾರುಗಳು 600 ಮೈಲಿ ದಾಟಿದ್ದವು, ಆದರೆ ಅವು ಚಕ್ರದಿಂದ ತಳ್ಳುವುದಿಲ್ಲ, ಈ ಜಗಳ ಅವಕ್ಕಿಲ್ಲ.

ಈಚೆಗೆ ಹಳೆಯ ವಾದ ಮತ್ತೆ ಎದ್ದಿರೋದು ಉಪ್ಪಿನಿಂದಾಗಿ. ಬಾನ್‌ವಿಲ್ ಉಪ್ಪಿನ ಪದರ ತೆಳ್ಳಗಾಗುತ್ತಿದೆ. ಅಕ್ಕಪಕ್ಕದ ಪೊಟ್ಯಾಶ್ ಗಣಿಗಾರಿಕೆಗೆ ಉಪ್ಪುನೀರು ಹೋಗಿದ್ದು, ಮಳೆ, ಹವಾಮಾನ, ಕಾರುಗಳ ಓಡಾಟ, ಹೀಗೆ ಕಾರಣಗಳ ಪಟ್ಟಿ ಉದ್ದ ಇದೆ. ಉಪ್ಪನ್ನು ವಾಪಸ್ ಬಯಲಿಗೆ ಪಂಪ್ ಮಾಡುವ ಕೆಲಸ 1997ರಲ್ಲಿ ಶುರುವಾಯಿತು. 2014 ಮತ್ತು 2015ರಲ್ಲಿ ಸ್ಪೀಡ್ ವೀಕ್ ನಡೆಯಲೇ ಇಲ್ಲ. ಮೊದಲಿನಷ್ಟು ಉದ್ದದ ಟ್ರ್ಯಾಕ್ ಈಗ ಸಿಗುತ್ತಿಲ್ಲ. ಟ್ರ್ಯಾಕ್ ಗಿಡ್ಡ ಆದಷ್ಟೂ ಭಾರದ ಕಾರಿಗೆ ವೇಗ ಏರಿಸೋಕೆ ಜಾಗ ಕಡಿಮೆ. ಉಪ್ಪು ಒದ್ದೆ ಇದ್ದರೆ ಹಿಡಿತ ಇಳಿಯುತ್ತದೆ, ಆಗ ಭಾರ ಇನ್ನೂ ಬೇಕು. ಹಾಗಾಗಿ ಈಗ ಒಂದೇ ಉತ್ತರ ಹಿಡಿದು ಕೂರುವ ಬದಲು, ನಾಲ್ಕು ಚಕ್ರದ ಕೆಳಗೂ ತಕ್ಕಡಿ ಇಟ್ಟು ತೂಗಿ, ಚಕ್ರ ತಿರುಗಿದ ವೇಗವನ್ನು ಜಿಪಿಎಸ್ ತೋರಿಸಿದ ವೇಗದ ಜೊತೆ ಹೋಲಿಸಿ, ಎರಡರ ನಡುವಿನ ಅಂತರ ನೋಡಿಕೊಂಡು ಅಂದಿನ ಉಪ್ಪಿಗೆ ತಕ್ಕಂತೆ ಸೀಸ ಹಾಕುವ, ತೆಗೆಯುವ ತಂಡಗಳಿವೆ. ಬೋಲ್ಟು ಬಿಚ್ಚಿ ತೆಗೆಯಬಹುದಾದ ಸಣ್ಣ ಸಣ್ಣ ಗಟ್ಟಿಗಳಲ್ಲಿ ಭಾರ ಇಡೋದು ಅದಕ್ಕೇ.