ಪಿಂಚ್ ರನ್ನರ್ ಹೋಮ್ ಮುಟ್ಟಿದರೆ ರನ್ ಯಾರ ಹೆಸರಿಗೆ?

ಪ್ರಶ್ನೆ: ನಮ್ಮ ಸಾಫ್ಟ್‌ಬಾಲ್ ತಂಡದ 7ನೇ ನಂಬರಿನ ಹುಡುಗಿ ಸಿಂಗಲ್ ಹೊಡೆದು ಫಸ್ಟ್ ಬೇಸ್ ಮುಟ್ಟಿದಳು. ಕಾಲು ಉಳುಕಿತು ಅಂತ ಕೋಚ್ ಅವಳ ಬದಲು ಓಡಲು 14ನೇ ನಂಬರಿನವಳನ್ನು ಪಿಂಚ್ ರನ್ನರ್ ಆಗಿ ಕಳಿಸಿದರು. ಮುಂದಿನ ಬ್ಯಾಟರ್ ಡಬಲ್ (ಎರಡು ಬೇಸ್‌ನ ಹೊಡೆತ) ಹೊಡೆದಳು, 14 ಬೇಸ್‌ಗಳನ್ನು ಸುತ್ತಿ ಹೋಮ್ ತಲುಪಿದಳು. ರನ್ ಯಾರಿಗೆ ಬರೆಯಬೇಕು ಸರ್? (ಪೊನ್ನಂಪೇಟೆಯಿಂದ ಒಬ್ಬರು ಓದುಗರು)

ಉತ್ತರ: 14ಕ್ಕೆ.

ಶಾಲಾ ಕ್ರೀಡಾಕೂಟಗಳು ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ವಿರಾಜಪೇಟೆ ಕಡೆಯಿಂದಲೂ ಬರುತ್ತದೆ, ಸೋಮವಾರಪೇಟೆ ಕಡೆಯಿಂದಲೂ ಬರುತ್ತದೆ. ಉತ್ತರ ಒಂದೇ ಮಾತು. ಆದರೆ ಹೇಳಿ ಮುಗಿಸುವ ಮೊದಲೇ "ಅದು ಹೇಗೆ ಸರ್, ಹೊಡೆದವಳು 7 ಅಲ್ವಾ?" ಅಂತ ಮರುಪ್ರಶ್ನೆ ಬಂದಿರುತ್ತದೆ. ಎಷ್ಟು ಸಲ ಹೇಳಿದರೂ ಸ್ಕೋರ್ ಶೀಟ್‌ನಲ್ಲಿ ಪೆನ್ನು 7ರ ಸಾಲಿಗೇ ಹೋಗುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ತಪ್ಪು ಬಂದಿರುವುದು ಕ್ರಿಕೆಟ್‌ನಿಂದ. ನಮ್ಮಲ್ಲಿ ಕುಟುಂಬಗಳ ನಡುವಿನ ಕ್ರಿಕೆಟ್ ಟೂರ್ನಿ ನೋಡದೆ ಬೆಳೆದವರು ಕಮ್ಮಿ. ಮಂಡಿ ನೋವಿರುವ ದೊಡ್ಡಪ್ಪ ಕ್ರೀಸ್‌ನಲ್ಲಿ ನಿಂತು ಹೊಡೆಯುತ್ತಾರೆ, ತಮ್ಮನ ಮಗ ಅವರ ಪರವಾಗಿ ಓಡುತ್ತಾನೆ. ಹುಡುಗ ಎಷ್ಟು ಓಡಿದರೂ ರನ್ ದೊಡ್ಡಪ್ಪನ ಲೆಕ್ಕಕ್ಕೇ ಹೋಗುತ್ತದೆ. ಹುಡುಗ ರನ್ ಔಟ್ ಆದರೆ ಔಟ್ ಆಗುವುದೂ ದೊಡ್ಡಪ್ಪನೇ. ಕ್ರಿಕೆಟ್‌ನ 25ನೇ ನಿಯಮ ಹೇಳುವುದೂ ಇದನ್ನೇ. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ 2011ರ ಅಕ್ಟೋಬರ್‌ನಿಂದ ರನ್ನರ್‌ಗೆ ಅವಕಾಶವಿಲ್ಲ. ಆದರೆ ಊರಿನ ಮೈದಾನದಲ್ಲಿ ಆ ಅಭ್ಯಾಸ ಹೋಗಿಲ್ಲ, ಮನಸ್ಸಿನಿಂದಂತೂ ಹೋಗಿಯೇ ಇಲ್ಲ.

ಕ್ರಿಕೆಟ್‌ಗೆ ಅದು ಸರಿ. ಸಾಫ್ಟ್‌ಬಾಲ್‌ಗೆ ಸರಿಯಲ್ಲ. ಯಾಕೆ ಅಂದರೆ, ಕ್ರಿಕೆಟ್‌ನಲ್ಲಿ ದೊಡ್ಡಪ್ಪ ಆಟ ಬಿಟ್ಟು ಹೋಗಿಲ್ಲ. ಬ್ಯಾಟ್ ಹಿಡಿದು ಅಲ್ಲೇ ನಿಂತಿದ್ದಾರೆ. ಸಾಫ್ಟ್‌ಬಾಲ್‌ನಲ್ಲಿ 14 ಬೇಸ್ ಮೇಲೆ ಕಾಲಿಟ್ಟ ಕ್ಷಣಕ್ಕೆ 7 ಆಟದಿಂದ ಹೊರಗೆ. ಪಿಂಚ್ ರನ್ನರ್ ಅಂದರೆ ಪೂರ್ತಿ ಸಬ್‌ಸ್ಟಿಟ್ಯೂಟ್. ಬ್ಯಾಟಿಂಗ್ ಸರದಿಯಲ್ಲಿ 7ರ ಜಾಗ ಈಗ 14ರದು. ಆ ಸರದಿ ಮತ್ತೆ ಬಂದರೆ ಬ್ಯಾಟ್ ಹಿಡಿಯುವವಳೂ 14, ಬೇಸ್ ಮೇಲೆ ಔಟ್ ಆದರೆ ಔಟ್ ಆಗುವವಳೂ 14. ಹಾಗಿರುವಾಗ ಹೋಮ್ ಮುಟ್ಟಿದಾಗ ಮಾತ್ರ ಲೆಕ್ಕ 7ಕ್ಕೆ ಯಾಕೆ ಹೋಗಬೇಕು?

ಇನ್ನೊಂದು ವಿಷಯ ಇದೆ. ಕ್ರಿಕೆಟ್‌ನಲ್ಲಿ ಹೊಡೆತ ಮತ್ತು ರನ್ ಒಟ್ಟಿಗೇ ಇರುತ್ತವೆ. ಸಾಫ್ಟ್‌ಬಾಲ್ ಲೆಕ್ಕದಲ್ಲಿ ಅವು ಬೇರೆ ಬೇರೆ ಕಾಲಂ. ಹೊಡೆದದ್ದಕ್ಕೆ ಹಿಟ್, ಹೋಮ್ ಮುಟ್ಟಿದ್ದಕ್ಕೆ ರನ್, ಇನ್ನೊಬ್ಬರನ್ನು ಹೋಮ್‌ಗೆ ತಲುಪಿಸಿದ್ದಕ್ಕೆ ಆರ್‌ಬಿಐ. ನಿಮ್ಮ ಪ್ರಶ್ನೆಯಲ್ಲೇ ನೋಡಿ: ಹಿಟ್ 7ಕ್ಕೆ, ರನ್ 14ಕ್ಕೆ, ಆರ್‌ಬಿಐ ಡಬಲ್ ಹೊಡೆದವಳಿಗೆ. ನಡುವೆ 14 ಒಂದು ಬೇಸ್ ಕದ್ದಿದ್ದರೆ, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿದ್ದರೆ, ಅದೂ ಅವಳಿಗೇ. ಕದಿಯಲು ಹೋಗಿ ಸಿಕ್ಕಿಬಿದ್ದಿದ್ದರೆ ಅದೂ ಅವಳ ಸಾಲಿಗೇ. 7ರಿಂದ ಯಾರೂ ಏನನ್ನೂ ಕಿತ್ತುಕೊಂಡಿಲ್ಲ. ಅವಳ ಹಿಟ್ ಅವಳ ಸಾಲಿನಲ್ಲಿ ಭದ್ರವಾಗಿದೆ. "ಪಾಪ, ಪೆಟ್ಟು ಮಾಡಿಕೊಂಡವಳಿಗೆ ಅನ್ಯಾಯ" ಅನ್ನುವವರು ಇದನ್ನು ಗಮನಿಸಬೇಕು.

ಇನ್ನೂ ನಂಬಿಕೆ ಬಾರದವರಿಗೆ ಬೇಸ್‌ಬಾಲ್‌ನ ಹರ್ಬ್ ವಾಷಿಂಗ್ಟನ್ ಹೆಸರು ಹೇಳುತ್ತೇನೆ. ರನ್ ಬರೆಯುವ ಕ್ರಮ ಎರಡೂ ಆಟದಲ್ಲಿ ಒಂದೇ. ವಾಷಿಂಗ್ಟನ್ ಮೂಲತಃ ಓಟಗಾರ. ಅಮೆರಿಕದ ಓಕ್ಲೆಂಡ್ ತಂಡ ಬರೀ ಓಡುವುದಕ್ಕೆಂದೇ ಅವರನ್ನು ಸೇರಿಸಿಕೊಂಡಿತು. 1974 ಮತ್ತು 1975ರಲ್ಲಿ 105 ಪಂದ್ಯ ಆಡಿದರು. ಒಂದು ಸಲವೂ ಬ್ಯಾಟ್ ಮಾಡಲಿಲ್ಲ. ಅವರ ದಾಖಲೆಯಲ್ಲಿ 33 ರನ್ ಇವೆ, ಕದ್ದ ಬೇಸ್ 31 ಇವೆ. ರನ್ ಹೊಡೆದವನಿಗೇ ಹೋಗುವುದಾದರೆ, ಬ್ಯಾಟನ್ನೇ ಹಿಡಿಯದವರ ಹೆಸರಿನಲ್ಲಿ 33 ರನ್ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನಿನ್ನೂ ನೋಡಿಲ್ಲ.

ಕೆಲವರು ರಾಜಿ ಮಾಡಲು ಹೋಗಿ ಇಬ್ಬರಿಗೂ ಒಂದೊಂದು ರನ್ ಬರೆಯುತ್ತಾರೆ. ಅದು ಎಲ್ಲಕ್ಕಿಂತ ಕೆಟ್ಟದ್ದು. ಸ್ಕೋರ್ ಶೀಟ್ ತಾಳೆ ನೋಡಲು ಒಂದು ಲೆಕ್ಕ ಇದೆ, ನನ್ನ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಬ್ಯಾಟಿಂಗ್‌ಗೆ ಬಂದವರ ಸಂಖ್ಯೆ, ರನ್, ಔಟ್ ಮತ್ತು ಬೇಸ್ ಮೇಲೆ ಉಳಿದವರನ್ನು ಕೂಡಿಸಿದರೆ ಬರುವ ಸಂಖ್ಯೆಗೆ ಸಮ ಇರಬೇಕು. ಒಂದು ಇನಿಂಗ್ಸ್‌ನಲ್ಲಿ 6 ಜನ ಬ್ಯಾಟಿಂಗ್‌ಗೆ ಬಂದರು, 3 ಔಟ್, 2 ಜನ ಬೇಸ್ ಮೇಲೆ ಉಳಿದರು ಅಂದರೆ ರನ್ 1 ಮಾತ್ರ. ಪಿಂಚ್ ರನ್ನರ್ ಬಂದದ್ದರಿಂದ ಬ್ಯಾಟಿಂಗ್ ಸರದಿ ಹೆಚ್ಚಾಗುವುದಿಲ್ಲ. ಇಬ್ಬರಿಗೂ ರನ್ ಬರೆದರೆ 6 ಇದ್ದ ಕಡೆ 7 ಆಗುತ್ತದೆ, ಲೆಕ್ಕ ಅಲ್ಲೇ ಕೆಡುತ್ತದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಶೀಟ್ ಹಿಡಿದು ಜಗಳಕ್ಕೆ ನಿಂತಾಗ, ತಾಳೆ ನೋಡಿಟ್ಟ ಹುಡುಗಿ ಒಂದೇ ನಿಮಿಷದಲ್ಲಿ ಬಾಯಿ ಮುಚ್ಚಿಸುತ್ತಾಳೆ. ಅದನ್ನು ನೋಡುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ.

ಬರೆಯುವ ಕ್ರಮ ಸುಲಭ. 7ರ ಕೆಳಗಿನ ಖಾಲಿ ಸಾಲಿನಲ್ಲಿ 14ರ ಹೆಸರು, ಪಕ್ಕದಲ್ಲಿ ಪಿಆರ್ (ಪಿಂಚ್ ರನ್ನರ್) ಮತ್ತು ಎಷ್ಟನೇ ಇನಿಂಗ್ಸ್ ಅನ್ನುವುದು. ಆ ಇನಿಂಗ್ಸ್‌ನ ಚೌಕದಲ್ಲಿ ಬದಲಾವಣೆ ಆದ ಬೇಸ್ ಹತ್ತಿರ ಒಂದು ಗುರುತು. ಇಷ್ಟು ಸಾಕು.

7 ವಾಪಸ್ ಬರಬಹುದಾ? ಇಲ್ಲಿ ನಮ್ಮವರಿಗೆ ಹಾಕಿ ಅಡ್ಡ ಬರುತ್ತದೆ. ಹಾಕಿಯಲ್ಲಿ ಹೊರಗೆ ಹೋದವರು ಎಷ್ಟು ಸಲ ಬೇಕಾದರೂ ಒಳಗೆ ಬರಬಹುದು. ಸಾಫ್ಟ್‌ಬಾಲ್‌ನಲ್ಲಿ ಹಾಗಿಲ್ಲ. ಅಂತಾರಾಷ್ಟ್ರೀಯ ನಿಯಮದ ಪ್ರಕಾರ, ಪಂದ್ಯದ ಆರಂಭದಲ್ಲೇ ತಂಡದಲ್ಲಿದ್ದವಳು ಒಂದೇ ಒಂದು ಸಲ ಮರಳಿ ಬರಬಹುದು, ಅದೂ ಸರದಿಯಲ್ಲಿ ತನ್ನ ಹಳೇ ಜಾಗಕ್ಕೇ. ಅವಳು ಬಂದರೆ 14 ಹೊರಗೆ. ಸಬ್‌ಸ್ಟಿಟ್ಯೂಟ್ ಆಗಿ ಬಂದಿದ್ದ 14ಕ್ಕೆ ಮತ್ತೆ ಅವಕಾಶವಿಲ್ಲ. ಕೋಚ್ ಬದಲಾವಣೆಯನ್ನು ಅಂಪೈರ್‌ಗೆ ಹೇಳಲೇಬೇಕು, ಅಂಪೈರ್ ಹೇಳಿದ ಮೇಲೆ ನೀವು ಬರೆಯಬೇಕು.

ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ವಿಷಯ ಬೇರೆ. ಎರಡು ಔಟ್ ಆಗಿ, ಕ್ಯಾಚರ್ ಬೇಸ್ ಮೇಲಿದ್ದರೆ ಅವಳ ಬದಲು ತಾತ್ಕಾಲಿಕ ರನ್ನರ್ ಓಡಬಹುದು. ಕ್ಯಾಚರ್‌ಗೆ ಪ್ಯಾಡು, ಮಾಸ್ಕು ಹಾಕಿಕೊಳ್ಳಲು ಸಮಯ ಸಿಗಲಿ ಅಂತ ಈ ಅನುಕೂಲ. ಬೇಸ್ ಮೇಲೆ ಇಲ್ಲದವರಲ್ಲಿ ಯಾರ ಬ್ಯಾಟಿಂಗ್ ಸರದಿ ಎಲ್ಲರಿಗಿಂತ ಕೊನೆಗೆ ಬರುತ್ತದೋ ಅವಳೇ ಓಡಬೇಕು. ಇದು ಸಬ್‌ಸ್ಟಿಟ್ಯೂಷನ್ ಅಲ್ಲ. ಕ್ಯಾಚರ್ ಆಟದಲ್ಲೇ ಇರುತ್ತಾಳೆ, ಅವಳ ಹೆಸರಿನ ಕೆಳಗೆ ಪಿಆರ್ ಅಂತ ಬರೆಯಬೇಡಿ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಒಂದು ಪ್ರಶ್ನೆ. ಈ ರನ್ ಬಿಟ್ಟುಕೊಟ್ಟ ಲೆಕ್ಕ ಯಾವ ಪಿಚರ್ (ಚೆಂಡು ಎಸೆಯುವವಳು) ಮೇಲೆ? 7 ಸಿಂಗಲ್ ಹೊಡೆದದ್ದು ಮೊದಲ ಪಿಚರ್‌ಗೆ ಅಂತಿಟ್ಟುಕೊಳ್ಳಿ. 14 ಓಡಲು ಬಂದಳು. ಅಷ್ಟರಲ್ಲಿ ಎದುರಾಳಿ ಕೋಚ್ ಪಿಚರ್ ಬದಲಿಸಿದರು. ಹೊಸ ಪಿಚರ್‌ಗೆ ಡಬಲ್ ಬಿತ್ತು, 14 ಹೋಮ್ ಮುಟ್ಟಿದಳು. ರನ್ ಮೊದಲ ಪಿಚರ್ ಲೆಕ್ಕಕ್ಕೇ ಹೋಗುತ್ತದೆ. ಬೇಸ್‌ಗೆ ಬಿಟ್ಟವಳು ಅವಳು. ಓಡುವವರು ಬದಲಾದರು ಅಂತ ಅವಳ ಸಾಲ ತೀರುವುದಿಲ್ಲ. ಹಾಗೆಯೇ 7 ಬೇಸ್ ತಲುಪಿದ್ದು ಫೀಲ್ಡರ್ ತಪ್ಪಿನಿಂದ ಆಗಿದ್ದರೆ, 14 ಓಡಿ ತಂದ ರನ್ ಕೂಡ ಅನ್‌ಅರ್ನ್ಡ್ ರನ್ನೇ, ಅಂದರೆ ಪಿಚರ್ ತಪ್ಪಲ್ಲದ ರನ್.

ಅಂದರೆ "ಅದು 7ರ ರನ್" ಅನ್ನುವ ಮಾತಿಗೆ ಪಿಚಿಂಗ್ ಕಾಲಂನಲ್ಲಿ ಅರ್ಥವಿದೆ, ಬ್ಯಾಟಿಂಗ್ ಕಾಲಂನಲ್ಲಿ ಇಲ್ಲ. ಪಿಚರ್ ಬದಲಾದ ಕಡೆ ಶೀಟ್‌ನಲ್ಲಿ ದಪ್ಪ ಗೆರೆ ಎಳೆದಿಡಿ. ರನ್ ಬಂದಾಗ ಎರಡು ಸಲ ನೋಡಿ. ಹೋಮ್ ಮುಟ್ಟಿದವರು ಯಾರು ಅಂತ ನೋಡಿ ಬ್ಯಾಟಿಂಗ್ ಸಾಲು ತುಂಬಿಸಿ. ಅವರು ನಿಂತಿದ್ದ ಬೇಸ್‌ಗೆ ಮೊದಲು ಬಂದವರು ಗೆರೆಗೆ ಮುಂಚೆ ಬಂದರೋ ಆಮೇಲೆ ಬಂದರೋ ಅಂತ ನೋಡಿ ಪಿಚಿಂಗ್ ಸಾಲು ತುಂಬಿಸಿ.