ಮೇಳದ ಹಾಡು ಕನ್ನಡಕ್ಕೆ ಬಂದ ದಾರಿ

ಕನ್ನಡದಲ್ಲಿ ಗ್ರೀಕ್ ನಾಟಕ ಓದಲು ಹೊರಟವರಿಗೆ ಮೊದಲು ಗೊಂದಲವೇ ಆಗುತ್ತದೆ. ಒಂದು ಪುಸ್ತಕ ಹಳಗನ್ನಡದಲ್ಲಿದೆ, ಇನ್ನೊಂದು ಆಡುಮಾತಿನಲ್ಲಿದೆ. ಒಂದರಲ್ಲಂತೂ ಗ್ರೀಕ್ ಹೆಸರುಗಳೇ ಇಲ್ಲ. ಇದರ ಹಿಂದೆ ಸುಮಾರು ನೂರು ವರ್ಷದ ಕಥೆ ಇದೆ.

ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಈ ನಾಟಕಗಳು ಪೂರ್ತಿ ಪದ್ಯದಲ್ಲಿದ್ದವು. ಪಾತ್ರಗಳ ನಡುವೆ ಮೇಳ, ಅಂದರೆ ಕೋರಸ್ ಗುಂಪು, ಹಾಡುತ್ತಾ ಕುಣಿಯುತ್ತಿತ್ತು. ಆ ಸಂಗೀತ ಹೆಚ್ಚುಕಡಿಮೆ ಎಲ್ಲ ಕಳೆದುಹೋಗಿದೆ. ಹಾಗಾಗಿ ಯಾವ ಭಾಷೆಯ ಅನುವಾದಕರಿಗೂ ಮೇಳವೇ ಕಗ್ಗಂಟು.

ಕನ್ನಡದಲ್ಲಿ ಈ ಕೆಲಸಕ್ಕೆ ದೊಡ್ಡ ಮನಸ್ಸಿನಿಂದ ಕೈಹಾಕಿದವರು ಬಿ.ಎಂ. ಶ್ರೀಕಂಠಯ್ಯ, ಅಂದರೆ ‘ಶ್ರೀ’. ಅವರು ಆರಿಸಿಕೊಂಡ ಒಂದು ನಾಟಕ ಗ್ರೀಕ್ ಕವಿ ಸಾಫೊಕ್ಲಿಸ್‌ನ ‘ಏಜಾಕ್ಸ್’. ಅದರಲ್ಲಿ ಏಜಾಕ್ಸ್ ಟ್ರಾಯ್ ಯುದ್ಧದ ವೀರ. ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗಲಿಲ್ಲ ಅಂತ ಕೆರಳುತ್ತಾನೆ. ಅಥೀನಾ ದೇವಿ ಅವನ ಬುದ್ಧಿ ಕೆಡಿಸುತ್ತಾಳೆ. ವೈರಿಗಳೆಂದುಕೊಂಡು ದನಕುರಿ ಕಡಿಯುತ್ತಾನೆ. ಎಚ್ಚರವಾದಾಗ ಅವಮಾನ ತಾಳಲಾರದೆ ಕತ್ತಿಯ ಮೇಲೆ ಬೀಳುತ್ತಾನೆ. 1929ರ ‘ಅಶ್ವತ್ಥಾಮನ್’ನಲ್ಲಿ ಶ್ರೀಯವರು ಇದನ್ನು ಕುರುಕ್ಷೇತ್ರಕ್ಕೆ ತಂದರು. ನಮಗೆ ಅಶ್ವತ್ಥಾಮ ಚಿರಂಜೀವಿ. ಈ ನಾಟಕದಲ್ಲಿ ಸಾಯುತ್ತಾನೆ! ಅದರ ಬಗ್ಗೆ ವಾದಗಳು ಎದ್ದಿದ್ದು ಸಹಜವೇ. ಆದರೆ ಮಲಗಿದ್ದವರನ್ನು ಕೊಂದವನ ಅವಮಾನ ಎಂಥದ್ದು ಅಂತ ಇಲ್ಲಿನ ಓದುಗರಿಗೆ ಯಾರೂ ವಿವರಿಸಬೇಕಾಗಿಲ್ಲ ಅಲ್ವಾ? ಯಾವ ಅಡಿಟಿಪ್ಪಣಿಯೂ ಮಾಡಲಾಗದ ಕೆಲಸ ಅದು.

ಈಸ್ಕಿಲಸ್‌ನ ನಾಟಕದಿಂದ ಶ್ರೀಯವರೇ ತಂದ 1935ರ ‘ಪಾರಸಿಕರು’ ಬೇರೆ ದಾರಿ ಹಿಡಿಯಿತು. ಇಲ್ಲಿ ಪರ್ಷಿಯಾ ಪರ್ಷಿಯಾವಾಗಿಯೇ ಉಳಿಯಿತು. ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಕದನ ನಡೆದದ್ದು ಕ್ರಿ.ಪೂ. 480ರಲ್ಲಿ. ಎಂಟೇ ವರ್ಷಕ್ಕೆ ಈಸ್ಕಿಲಸ್ ಸೋತವರ ಗೋಳನ್ನು ಗೆದ್ದವರ ಮುಂದೆ ಆಡಿಸಿದ. ಅದರ ಮೇಳದ ಮುದುಕರ ಅಳಲನ್ನು ಸುಮ್ನೆ ಕಣ್ಣಾಡಿಸಬೇಡಿ, ಗಟ್ಟಿಯಾಗಿ ಓದಿ.

ಆಮೇಲೆ ನವ್ಯರ ಕಾಲ ಬಂತು. ಲಂಕೇಶರು ‘ದೊರೆ ಈಡಿಪಸ್’ ಮತ್ತು ‘ಅಂತಿಗೊನೆ’ಯನ್ನು ಇಂದಿನ ಕನ್ನಡಕ್ಕೆ ತಂದರು. 1972ರಲ್ಲಿ ಬಿ.ವಿ. ಕಾರಂತರು ‘ದೊರೆ ಈಡಿಪಸ್’ ಅನ್ನು ಬೆಂಗಳೂರಿನ ಬಯಲು ರಂಗಕ್ಕೆ ತಂದರು. ನಟರ ಬಾಯಲ್ಲಿ ನಿಲ್ಲುವ ಮಾತು ಸಿಕ್ಕಿತು. ಅದು ದೊಡ್ಡ ಲಾಭ.

ಇನ್ನೂ ಆಗಬೇಕಾದದ್ದು ನೇರವಾಗಿ ಗ್ರೀಕ್‌ನಿಂದ ಜಾಸ್ತಿ ಅನುವಾದಗಳು. ಅಂತಿಗೊನೆಯ ಕಥೆಯಲ್ಲಿ ಮೇಳ ಮನುಷ್ಯನನ್ನು ‘ದೈನೋಸ್’ ಅನ್ನುತ್ತದೆ. ಅದ್ಭುತ, ಭಯಂಕರ, ಎರಡೂ ಆ ಒಂದೇ ಮಾತಿನಲ್ಲಿವೆ. ಇಂಗ್ಲಿಷ್‌ನಲ್ಲಿ ಯಾರೋ ಮೊದಲೇ ಒಂದನ್ನು ಆರಿಸಿರುತ್ತಾರೆ. ಅಲ್ಲಿಂದ ಕನ್ನಡಕ್ಕೆ ಬಂದರೆ ಇನ್ನೊಂದು ಕಾಣುವುದೇ ಇಲ್ಲ. ಆ ಹಾಡಿನ ಮನುಷ್ಯ ಕಡಲು ದಾಟುತ್ತಾನೆ, ನೆಲ ಉಳುತ್ತಾನೆ, ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಉಪಾಯ ಹುಡುಕುತ್ತಾನೆ. ಮೇಳ ಅವನನ್ನು ಹೊಗಳುತ್ತಿದೆಯೋ, ಅವನಿಗೆ ಹೆದರುತ್ತಿದೆಯೋ ಅನ್ನುವ ಅನುಮಾನ ಕನ್ನಡದ ಓದುಗರಿಗೂ ಬರಬೇಕು.