ಅಕ್ಕಿ ಮೂಟೆಯೋ, ಪುರಿ ಮೂಟೆಯೋ?

ಫೋನ್ ಎತ್ತಿದ ಕೂಡಲೇ ಬರುವ ಪ್ರಶ್ನೆ ಒಂದೇ. “ಮೇಡಂ, ಈ ಎಲೆಕ್ಟ್ರಿಕ್ ವ್ಯಾನ್ ಒಂದು ಚಾರ್ಜಿಗೆ ಎಷ್ಟು ಮೈಲಿ ಓಡುತ್ತೆ?”

ಬ್ರಿಟನ್ನಿನಲ್ಲಿ ಸಣ್ಣಪುಟ್ಟ ವ್ಯಾಪಾರಗಳಿಗೆ ವ್ಯಾನ್ ನೋಡಿ ಆರಿಸಿಕೊಡುವುದು ನನ್ನ ಕೆಲಸ. ಅಡುಗೆ ಕಂಟ್ರಾಕ್ಟರು, ದಿನಸಿ ಅಂಗಡಿಯವರು, ಪ್ಲಂಬರು, ಪಾರ್ಸೆಲ್ ಹಂಚುವವರು, ಎಲ್ಲರೂ ಮೊದಲು ಕೇಳುವುದು ಮೈಲಿಯನ್ನೇ. ಎಷ್ಟು ಕೆಜಿ ಹೊರುತ್ತೆ ಅಂತ ಮೊದಲ ಫೋನಿನಲ್ಲೇ ಕೇಳಿದವರು ಈವರೆಗೆ ಇಬ್ಬರೋ ಮೂವರೋ. ಅವರಲ್ಲಿ ಒಬ್ಬರು ಹಿಂದೆ ಲಾರಿ ಓಡಿಸುತ್ತಿದ್ದವರು.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಪ್ಯಾನಲ್ ವ್ಯಾನ್ ಅಂದರೆ ನಮ್ಮ ಟೆಂಪೋ ಟ್ರಾವೆಲರ್‌ನ ಸೀಟು, ಕಿಟಕಿ ಎಲ್ಲ ತೆಗೆದು, ಸುತ್ತ ತಗಡು ಮುಚ್ಚಿದ ಹಾಗೆ. ದೊಡ್ಡದಾದರೆ ಒಳಗೆ ಎದ್ದು ನಿಲ್ಲಬಹುದು. ಈ ನಿಲ್ಲಬಹುದು ಅನ್ನುವುದೇ ನನ್ನ ಗ್ರಾಹಕರನ್ನು ದಾರಿ ತಪ್ಪಿಸುವುದು.

ಕಳೆದ ವರ್ಷ ಹಾಸನದ ಕಡೆಯವರೊಬ್ಬರು ಬಂದರು. ಲಂಡನ್ನಿನ ಪಶ್ಚಿಮಕ್ಕೆ, ಸ್ಲೌ ಹತ್ತಿರ ಅಡುಗೆಮನೆ ಇಟ್ಟುಕೊಂಡು ಮದುವೆ, ನಾಮಕರಣ, ಯುಗಾದಿ ಕಾರ್ಯಕ್ರಮಗಳಿಗೆ ಊಟ ಮಾಡಿಕೊಡುತ್ತಾರೆ. ನನ್ನ ಆಫೀಸಿಗೆ ಯಾವತ್ತೂ ಬರಿಗೈಲಿ ಬರುವವರಲ್ಲ, ಒಂದು ಡಬ್ಬಿ ಪುಳಿಯೋಗರೆ ಜೊತೆಗೇ ಬರುತ್ತದೆ. ಆ ದಿನ ಬರುವಷ್ಟರಲ್ಲಿ ಒಂದು ಎಲೆಕ್ಟ್ರಿಕ್ ವ್ಯಾನಿಗೆ ಮುಂಗಡ ಕೊಟ್ಟಾಗಿತ್ತು. “ಒಳಗೆ ನಿಂತು ನೋಡಿದೆ ಮೇಡಂ, ಆನೆ ಹಿಡಿಸುತ್ತೆ” ಅಂದರು.

ಆನೆ ಹಿಡಿಸುತ್ತೆ, ನಿಜ. ಆನೆಯನ್ನು ಹೊರುತ್ತಾ ಅನ್ನುವುದು ಬೇರೆ ಮಾತು.

ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೊಂದು ಸಲ ಹೇಳುತ್ತೇನೆ, ನಿಧಾನವಾಗಿ. ವ್ಯಾನಿನ ಮೇಲೆ 3,500 ಕೆಜಿ ಅಂತ ಬರೆದಿದ್ದರೆ ಅದು ಸರಕಿನ ತೂಕ ಅಲ್ಲ. ವ್ಯಾನ್, ಬ್ಯಾಟರಿ, ನೀವು, ನಿಮ್ಮ ಜೊತೆ ಬರುವ ಹುಡುಗ, ಒಳಗೆ ಹಾಕಿಸಿದ ರ‍್ಯಾಕು, ಹಗ್ಗ, ಟ್ರಾಲಿ, ಕೊನೆಗೆ ಸರಕು, ಇಷ್ಟೂ ಸೇರಿ 3,500 ದಾಟಬಾರದು ಅಂತ ಅರ್ಥ. ಉಳಿದಿದ್ದೆಲ್ಲ ಕಳೆದ ಮೇಲೆ ಮಿಕ್ಕಿದ್ದು ಮಾತ್ರ ಸರಕಿಗೆ.

ನಾನು ಮಂಡ್ಯದ ಕಡೆಯವಳು. ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಮನೆಯಲ್ಲಿ ಬೆಳೆದೆ. ತುಂಬಿದ ಗಾಡಿ ಒಂದು ಸಲ ತೂಗಬೇಕು, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಇನ್ನೊಂದು ಸಲ ತೂಗಬೇಕು, ಎರಡರ ವ್ಯತ್ಯಾಸವೇ ಕಬ್ಬು. ಇದು ನಮ್ಮೂರಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು. ಖಾಲಿ ಗಾಡಿಯ ತೂಕ ಮರೆತವನು ಆ ವರ್ಷದ ದುಡ್ಡನ್ನೇ ಮರೆತ ಹಾಗೆ. ಅದೇ ಜನ ಇಲ್ಲಿ ಬಂದು ವ್ಯಾನ್ ಕೊಳ್ಳುವಾಗ ಖಾಲಿ ತೂಕ ಕೇಳುವುದೇ ಇಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಮರೆಯಲು ಕಾರಣವೂ ಇದೆ. ಡೀಸೆಲ್ ವ್ಯಾನಿನಲ್ಲಿ ಈ ಲೆಕ್ಕ ಬೇಕಾಗುತ್ತಿರಲಿಲ್ಲ. 3.5 ಟನ್‌ನ ದೊಡ್ಡ ಡೀಸೆಲ್ ವ್ಯಾನ್ ಸುಮಾರು 1,200ರಿಂದ 1,400 ಕೆಜಿ ಹೊರುತ್ತಿತ್ತು. ಹೆಚ್ಚಿನವರ ಸರಕು ಅದರೊಳಗೇ ಮುಗಿಯುತ್ತಿತ್ತು. ಎಲೆಕ್ಟ್ರಿಕ್ ವ್ಯಾನ್ ಹೊರಗಿನಿಂದ ಅದೇ ಅಳತೆ, ಅದೇ ಬಾಗಿಲು, ಅದೇ 3.5 ಟನ್. ಹಾಗಾಗಿ ಹೊರೆಯೂ ಅದೇ ಅಂದುಕೊಳ್ಳುತ್ತಾರೆ. ನೆಲದ ಕೆಳಗೆ ಅರ್ಧ ಟನ್ ಆಸುಪಾಸಿನ ಬ್ಯಾಟರಿ ಮಲಗಿದೆ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಎಂಜಿನ್, ಡೀಸೆಲ್ ಟ್ಯಾಂಕ್ ತೆಗೆದರೂ ಅಷ್ಟು ತೂಕ ವಾಪಸ್ ಬರುವುದಿಲ್ಲ.

ನಾವು ಶೋರೂಮಿನವರನ್ನು ಕೇಳಿ ಆ ವ್ಯಾನನ್ನು ಒಂದು ದಿನಕ್ಕೆ ತಂದೆವು. ಅವರ ಹಳೆಯ ರ‍್ಯಾಕುಗಳನ್ನು ಒಳಗಿಟ್ಟೆವು. ಇಬ್ಬರು ಹುಡುಗರನ್ನು ಕೂರಿಸಿ, ಗಾಡಿ ತೂಗುವ ಹತ್ತಿರದ ವೇಬ್ರಿಡ್ಜಿಗೆ ಹೋದೆವು. 2,780 ಕೆಜಿ ಬಂತು. ಸರಕು ತುಂಬಿ ರಸ್ತೆಗಿಳಿಸಲು ನಾನು ಒಪ್ಪಲಿಲ್ಲ. ಅದನ್ನು ಅಡುಗೆಮನೆಯಲ್ಲೇ ತಕ್ಕಡಿ ಇಟ್ಟು ತೂಗಿದೆವು. ಸಾಂಬಾರಿನ ಕೊಳಗ, ಅನ್ನದ ಪಾತ್ರೆ, ದೋಸೆ ಕಾವಲಿ, ಗ್ಯಾಸ್ ಸಿಲಿಂಡರು, ನೀರಿನ ಬಾಟಲಿ. ನೀರಿನಂಥದ್ದು ಒಂದು ಲೀಟರ್ ಅಂದರೆ ಹತ್ತಿರ ಹತ್ತಿರ ಒಂದು ಕೆಜಿ. 60 ಲೀಟರಿನ ಸಾಂಬಾರು ಒಬ್ಬ ಆಳಿನಷ್ಟು ತೂಗುತ್ತದೆ. ಸೀಸನ್ನಿನ ಶನಿವಾರದ ಹೊರೆ 1,150 ಕೆಜಿ ಆಯಿತು. ವ್ಯಾನಿನಲ್ಲಿ ಉಳಿದಿದ್ದು 720.

ಅವರು ಸುಮಾರು ಹೊತ್ತು ಮಾತಾಡಲಿಲ್ಲ. “ಆದರೆ ಇಷ್ಟಕ್ಕೆ ಜಾಗ ಅರ್ಧವೂ ತುಂಬುವುದಿಲ್ಲವಲ್ಲ ಮೇಡಂ” ಅಂದರು.

ತುಂಬುವುದೂ ಇಲ್ಲ. ಫೋರ್ಡ್ ಕಂಪನಿಯ ಎಲೆಕ್ಟ್ರಿಕ್ ವ್ಯಾನ್ ಇ-ಟ್ರಾನ್ಸಿಟ್‌ನಲ್ಲಿ ಬೇರೆ ಬೇರೆ ಉದ್ದ, ಎತ್ತರದ ಮಾದರಿಗಳಿವೆ. ಅತಿ ದೊಡ್ಡದರಲ್ಲಿ 15.1 ಘನ ಮೀಟರ್ ಜಾಗ ಇದೆ. ನಡುವಿನ ಅಳತೆಯ 11 ಘನ ಮೀಟರಿನದನ್ನೇ ತೆಗೆದುಕೊಳ್ಳಿ. ಅದರ ತುಂಬ ಅಕ್ಕಿ ತುಂಬಿದರೆ 8 ಟನ್ ದಾಟುತ್ತದೆ. ಹೊರಲು ಬಿಡುವುದು 720 ಕೆಜಿ ಅಂದರೆ 20 ಕೆಜಿಯ 36 ಚೀಲ. ಅಷ್ಟು ಅಕ್ಕಿಯನ್ನು ನೆಲದ ತುಂಬ ಹರಡಿದರೆ ಒಂದು ಗೇಣು ಎತ್ತರವೂ ಬರುವುದಿಲ್ಲ. ಅದರ ಮೇಲೆ ಕಾಣುವ ಜಾಗ ಎಲ್ಲ ಬರೀ ಗಾಳಿ. ಕಡ್ಲೆಪುರಿ ಮೂಟೆ ತುಂಬಿದರೆ ಕಥೆ ಬೇರೆ. ಸೂರು ಮುಟ್ಟುವ ಹೊತ್ತಿಗೆ ತೂಕ ಮಿತಿಯ ಆಸುಪಾಸು ಬಂದಿರುತ್ತದೆ, ಅಷ್ಟೇ. ಹಾಗಾಗಿ ನಾನು ಎಲ್ಲರನ್ನೂ ಮೊದಲು ಇದನ್ನೇ ಕೇಳುತ್ತೇನೆ. ನಿಮ್ಮದು ಅಕ್ಕಿ ಮೂಟೆಯ ವ್ಯಾಪಾರವೋ, ಪುರಿ ಮೂಟೆಯ ವ್ಯಾಪಾರವೋ?

ಹಾಸನದವರ 1,150ರಲ್ಲಿ 720 ಕಳೆದರೆ 430 ಕೆಜಿ ಜಾಸ್ತಿ, ಅಂದರೆ 3,500ರ ಮಿತಿಗಿಂತ ಶೇಕಡಾ 12ರಷ್ಟು ಹೆಚ್ಚಾಯಿತು. ದಾರಿಯಲ್ಲಿ ತಪಾಸಣೆಯವರು ನಿಲ್ಲಿಸಿದರೆ ಆ ಮಟ್ಟಕ್ಕೆ 200 ಪೌಂಡ್ ದಂಡ. ದಂಡ ಹೋಗಲಿ ಬಿಡಿ, ಹೆಚ್ಚಿನ ತೂಕ ಇಳಿಸುವವರೆಗೆ ವ್ಯಾನ್ ಕದಲಿಸಲು ಬಿಡುವುದಿಲ್ಲ. ಅಲ್ಲಿ ಮುಹೂರ್ತ ಮುಗಿದು ಎಲೆ ಹಾಕಿರುತ್ತಾರೆ, ಇಲ್ಲಿ ಊಟ ಮೋಟರ್‌ವೇ ಪಕ್ಕದಲ್ಲಿ ಕೂತಿರುತ್ತದೆ. ಅಪಘಾತವಾದರೆ ವಿಮೆಯವರು ಏನನ್ನುತ್ತಾರೆ ಅನ್ನುವುದು ಪಾಲಿಸಿಯ ಮೇಲೆ ಹೋಗುತ್ತದೆ. ಅದನ್ನು ಅವರಿಂದಲೇ ಕಾಗದದಲ್ಲಿ ತಿಳಿದುಕೊಳ್ಳಿ.

ಇನ್ನು ಮೈಲಿಯ ವಿಷಯ. ಇದನ್ನು ಬೇಕಂತಲೇ ಕೊನೆಗಿಟ್ಟಿದ್ದೇನೆ. ಯಾಕೆಂದರೆ ಮೈಲಿಯ ಭಯವೇ ತೂಕದ ತಪ್ಪನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ದಾರಿಯಲ್ಲಿ ನಿಂತುಬಿಟ್ಟರೆ ಅಂತ ಹೆದರಿ ದೊಡ್ಡ ಬ್ಯಾಟರಿ ತೆಗೆದುಕೊಳ್ಳುತ್ತಾರೆ. ಇ-ಟ್ರಾನ್ಸಿಟ್‌ನಲ್ಲಿ 68 ಯೂನಿಟ್ಟಿನ ಬ್ಯಾಟರಿಯೂ ಇದೆ, 89 ಯೂನಿಟ್ಟಿನದೂ ಇದೆ. ದೊಡ್ಡದಕ್ಕೆ ದುಡ್ಡೂ ಜಾಸ್ತಿ, ತೂಕವೂ ಜಾಸ್ತಿ. ವರ್ಷಕ್ಕೆ ಎರಡು ಸಲ ದೂರದ ಲೆಸ್ಟರ್ ಊರಿಗೆ ಹೋಗುವುದಕ್ಕೋಸ್ಕರ ವರ್ಷಪೂರ್ತಿ ಆ ತೂಕ ಹೊತ್ತು ತಿರುಗುತ್ತಾರೆ. ಅಷ್ಟು ಸರಕು ಕಡಿಮೆಯಾಗುತ್ತದೆ.

68 ಯೂನಿಟ್ಟಿನದಕ್ಕೆ ಕಂಪನಿಯ ಪುಸ್ತಕದಲ್ಲಿ ಹೆಚ್ಚೆಂದರೆ 196 ಮೈಲಿ ಅಂತಿದೆ. ಜನವರಿಯ ಚಳಿಯಲ್ಲಿ, ಎತ್ತರದ ವ್ಯಾನಿನಲ್ಲಿ, ಮೋಟರ್‌ವೇ ಮೇಲೆ ನಾನು 110 ಅಂತಲೇ ಲೆಕ್ಕ ಹಾಕುತ್ತೇನೆ. ಊರೊಳಗಿನ ಓಡಾಟಕ್ಕೆ ಅದಕ್ಕಿಂತ ಚೆನ್ನಾಗಿ ಸಿಗುತ್ತದೆ. ಸರಕಿನ ತೂಕದಿಂದ ಮೈಲಿ ಬಿದ್ದುಹೋಗುತ್ತದೆ ಅಂತ ಜನ ಹೆದರುತ್ತಾರೆ. ಅದಕ್ಕಿಂತ ಜಾಸ್ತಿ ತಿನ್ನುವುದು ವೇಗ ಮತ್ತು ಚಳಿ. 50 ಮೈಲಿ ವೇಗದಿಂದ 70ಕ್ಕೆ ಹೋದರೆ ಗಾಳಿಯ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ವ್ಯಾನಿನ ಎದೆ ಅಗಲ ನೋಡಿ, ಅರ್ಥವಾಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ, ಚಾರ್ಜರ್ ಸಿಕ್ಕಿಸಿರುವಾಗಲೇ ಒಳಗೆ ಬೆಚ್ಚಗೆ ಮಾಡಿಕೊಂಡರೆ ಆ ಕರೆಂಟು ಬ್ಯಾಟರಿಯಿಂದ ಹೋಗುವುದಿಲ್ಲ.

ಹಾಸನದವರಿಗೆ ತದ್ವಿರುದ್ಧದ ಒಬ್ಬ ಗ್ರಾಹಕಿ ಇದ್ದಾರೆ. ಮದುವೆ ಮಂಟಪ ಅಲಂಕಾರ ಮಾಡುವವರು. ಬಟ್ಟೆ, ಹೂವು, ಥರ್ಮಾಕೋಲು, ಪೊಳ್ಳು ಕಂಬಗಳು. ವ್ಯಾನ್ ಸೂರಿನವರೆಗೆ ತುಂಬುತ್ತದೆ, ತೂಗಿದರೆ 400 ಕೆಜಿ ಬರುವುದಿಲ್ಲ. ದಿನಕ್ಕೆ ಓಡುವುದು 50ರಿಂದ 60 ಮೈಲಿ. ಒಂದು ವರ್ಷ ಮೈಲಿ ಮೈಲಿ ಅಂತ ಹೆದರಿ ಕೂತಿದ್ದರು. ಅವರಿಗೆ ನಾನು ಹೇಳಿದ್ದು ಒಂದೇ ಮಾತು: ತಗೊಳ್ಳಿ. ಅದೂ ಚಿಕ್ಕ ಬ್ಯಾಟರಿಯದ್ದು. ಪುರಿ ಮೂಟೆಯವರಿಗೆ ಇಂಥ ವ್ಯಾನ್ ಹೇಳಿ ಮಾಡಿಸಿದ ಹಾಗಿರುತ್ತದೆ. ಈಗ ಖುಷಿಯಾಗಿದ್ದಾರೆ. ಬೆಳಗಿನ ಜಾವ ಹೊರಟರೂ ಪಕ್ಕದ ಮನೆಯವರು ಎದ್ದು ಬೈಯುವುದಿಲ್ಲ ಅನ್ನುವುದೇ ಅವರಿಗೆ ದೊಡ್ಡ ಸಮಾಧಾನ.

ಅಕ್ಕಿ ಮೂಟೆಯವರಿಗೂ ದಾರಿ ಇದೆ. 4.25 ಟನ್‌ನ ಎಲೆಕ್ಟ್ರಿಕ್ ವ್ಯಾನ್. ಬ್ಯಾಟರಿಯ ತೂಕ ಸರಿತೂಗಿಸಲು ಅಂತಲೇ ಇಲ್ಲಿನ ಸರ್ಕಾರ ಕಾರಿನ ಲೈಸೆನ್ಸಿನಲ್ಲೇ ಅದನ್ನು ಓಡಿಸಲು ಬಿಟ್ಟಿದೆ. ಮೊದಲು ಅದಕ್ಕೆ 5 ಗಂಟೆಯ ತರಬೇತಿ ಬೇಕಿತ್ತು. 2025ರ ಜೂನ್ 10ರಿಂದ ಅದು ಬೇಡ. ಆದರೆ 3.5 ಟನ್ ದಾಟಿದ ಗಾಡಿಗೆ ವೇಗಮಿತಿಯ ಸಾಧನ, ವಾರ್ಷಿಕ ಪರೀಕ್ಷೆ, ಟ್ಯಾಕೊಗ್ರಾಫ್ (ಓಡಿಸಿದ ಹೊತ್ತು ದಾಖಲಿಸುವ ಯಂತ್ರ) ನಿಯಮಗಳು ಬೇರೆ ಇರುತ್ತವೆ. ಅವು ಬದಲಾಗುತ್ತಿರುತ್ತವೆ. ಹಾಗಾಗಿ ಆರು ತಿಂಗಳ ಹಿಂದೆ ಯಾರೋ ಹೇಳಿದ್ದನ್ನು ನಂಬಬೇಡಿ. ನಾನು ಈಗ ಬರೆದಿದ್ದನ್ನೂ ಸಹಿ ಹಾಕುವ ವಾರ ಸರ್ಕಾರದ ಪುಟದಲ್ಲಿ ಒಮ್ಮೆ ಸರಿನೋಡಿ. ಊರಿಂದ ಬಂದ ತಮ್ಮನನ್ನೋ ಅಕ್ಕನ ಮಗನನ್ನೋ ಕೂರಿಸುವವರು ಇನ್ನೂ ಎಚ್ಚರವಾಗಿರಿ. ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳು ಕಾರು ಓಡಿಸಬಹುದು. ಅದು 4.25 ಟನ್ ವ್ಯಾನಿಗೂ ಸಲ್ಲುತ್ತದೆ ಅಂತ ಊಹಿಸಿಕೊಂಡು ಕೀಲಿ ಕೊಡಬೇಡಿ.

ಒಟ್ಟು ತೂಕ ಸರಿ ಬಂದರೂ ಮುಗಿಯಲಿಲ್ಲ. ವ್ಯಾನಿನ ತಗಡಿನ ಫಲಕದಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲನೆಯದು ಒಟ್ಟು ತೂಕ, ಎರಡನೆಯದು ಟ್ರೈಲರ್ ಸೇರಿದ್ದು, ಕೊನೆಯ ಎರಡು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗೆ (ಚಕ್ರಗಳ ಅಚ್ಚಿಗೆ) ಬೇರೆ ಬೇರೆ ಮಿತಿ. ಭಾರದ ಪಾತ್ರೆಗಳನ್ನೆಲ್ಲ ಹಿಂದಿನ ಬಾಗಿಲ ಹತ್ತಿರ ಇಟ್ಟರೆ ಒಟ್ಟು ತೂಕ ಮಿತಿಯೊಳಗೆ ಇದ್ದರೂ ಹಿಂದಿನ ಆಕ್ಸಲ್ ಮಿತಿ ದಾಟಬಹುದು. ಅದೂ ತಪ್ಪೇ. ಭಾರದ್ದು ಡ್ರೈವರ್ ಬೆನ್ನಿಗೆ, ಹಗುರದ್ದು ಬಾಗಿಲಿಗೆ. ಮದುವೆ ಮನೆಯಲ್ಲಿ ಮೊದಲು ಇಳಿಯಬೇಕಾದ ಕಾವಲಿಯನ್ನೇ ಹುಡುಗರು ಕೊನೆಗೆ ಏರಿಸುತ್ತಾರೆ, ನನಗೂ ಗೊತ್ತು.

ಚಾರ್ಜಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾತ್ರಿ ವ್ಯಾನ್ ನಿಲ್ಲುವ ಕಡೆ ನಿಮ್ಮದೇ ಚಾರ್ಜರ್ ಇಲ್ಲದಿದ್ದರೆ ಸದ್ಯಕ್ಕೆ ಕೊಳ್ಳಬೇಡಿ. 7 ಕಿಲೋವ್ಯಾಟಿನದಾದರೆ 68 ಯೂನಿಟ್ ತುಂಬಲು 10 ಗಂಟೆಯ ಹತ್ತಿರ ಬೇಕು, ರಾತ್ರಿಗೆ ಅಷ್ಟು ಸಾಕು. ರಸ್ತೆಬದಿಯ ಚಾರ್ಜರ್‌ಗಳ ಜಾಗ ಕಾರಿನ ಅಳತೆಗೆ ಮಾಡಿದ್ದು. 6 ಮೀಟರ್ ವ್ಯಾನ್ ಅಲ್ಲಿ ಅಡ್ಡ ನಿಲ್ಲುತ್ತದೆ. ರೇಟೂ ಜಾಸ್ತಿ, ಮೇಲೆ ಶೇಕಡಾ 20 ವ್ಯಾಟ್ ತೆರಿಗೆ. ಮನೆಯ ಕರೆಂಟಿಗೆ ಅದು ಶೇಕಡಾ 5.

ಲಂಡನ್ನಿನ ನಡುವೆ ಹೋಗುವವರು ಹಳೆಯ ಲೆಕ್ಕ ಬಿಡಬೇಕು. ಅಲ್ಲಿಗೆ ಗಾಡಿ ತರುವವರು ಕಟ್ಟಬೇಕಾದ ಕಂಜೆಶನ್ ಚಾರ್ಜ್ ಅನ್ನುವ ಶುಲ್ಕದಿಂದ ಎಲೆಕ್ಟ್ರಿಕ್ ವಾಹನಕ್ಕಿದ್ದ ಪೂರ್ತಿ ವಿನಾಯಿತಿ 2025ರ ಡಿಸೆಂಬರಿನಲ್ಲಿ ಮುಗಿಯಿತು. 2026ರ ಜನವರಿಯಿಂದ ದಿನಕ್ಕೆ 18 ಪೌಂಡ್. ಆ ಹಣ ತಾನಾಗಿ ಕಟ್ಟುವ ಆಟೋ ಪೇಗೆ ಹೆಸರು ಬರೆಸಿದ ಎಲೆಕ್ಟ್ರಿಕ್ ವ್ಯಾನಿಗೆ ಅದರಲ್ಲಿ ಅರ್ಧ.

ನನ್ನ ಹತ್ತಿರ ಬರುವವರು ದಯವಿಟ್ಟು ವ್ಯಾನಿನ ಬ್ರೋಷರ್ ತರಬೇಡಿ. ಈಗ ಓಡಿಸುತ್ತಿರುವ ಡೀಸೆಲ್ ವ್ಯಾನಿನ ಎರಡು ವೇಬ್ರಿಡ್ಜ್ ಚೀಟಿ ತನ್ನಿ. ಒಂದು ಚೀಟಿ ವರ್ಷದಲ್ಲೇ ಅತಿ ಭಾರದ ದಿನದ್ದು, ಇನ್ನೊಂದು ಪೂರ್ತಿ ಖಾಲಿ ಇದ್ದಾಗಿನದು. ಮುಂಗಡ ಕೊಡುವ ಮುಂಚೆ ತನ್ನಿ.

ಹಾಸನದವರ ಮುಂಗಡ ಕಷ್ಟಪಟ್ಟು 4.25 ಟನ್‌ನ ವ್ಯಾನಿಗೆ ಬದಲಾಯಿತು, ಚಿಕ್ಕ ಬ್ಯಾಟರಿಯೊಂದಿಗೆ. ಮೊನ್ನೆ ಶನಿವಾರ ಬೆಳಿಗ್ಗೆ ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಕಳಿಸಿದ್ದರು, 4,060 ಕೆಜಿ. ಕೆಳಗೆ ಒಂದು ಸಾಲು: “ಇನ್ನೊಂದು ದೋಸೆ ಕಾವಲಿ ಹಾಕಬಹುದು ಅಲ್ವಾ ಮೇಡಂ?” ಹಿಂದಿನ ಆಕ್ಸಲ್ ಎಷ್ಟು ಬಂತು ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.